ಹಳದಿಗೆ ತಿರುಗಿದ ದ್ರಾವಣ

"ಈ ಕಾರ್ನಿಯಾನ ನಾನು ಹಾಕಲ್ಲ."

ಆಪರೇಷನ್ ಥಿಯೇಟರ್ ಬಾಗಿಲಲ್ಲಿ ನಿಂತು ಹೊಸ ಸರ್ಜನ್ ಹೇಳಿದ ಮಾತಿಗೆ ಅವಳು ಕೂತಲ್ಲಿಂದ ಎದ್ದು ಬಂದಳು.

ಒಳಗೆ ಮಲಗಿದ್ದವರು ಅವಳ ಅಪ್ಪ. ಬದುಕೆಲ್ಲ ಬಟ್ಟೆ ಹೊಲಿದವರು. ಒಂದು ಕಣ್ಣು ಎಂದೋ ಹೋಗಿತ್ತು. ಉಳಿದೊಂದಕ್ಕೂ ಬಿಳಿ ಮಂಜು ಕವಿದಿತ್ತು.

ಸರ್ಜನ್ ಕೈಯಲ್ಲೊಂದು ಪುಟ್ಟ ಬಾಟಲಿ. ದಾನಿಯೊಬ್ಬರ ಕಣ್ಣಿನಿಂದ ತೆಗೆದ, ಗಾಜಿನಂಥ ತೆಳು ಪದರ ಅದರಲ್ಲಿ ತೇಲುತ್ತಿತ್ತು. ಅದನ್ನು ಹೆಚ್ಚು ಕಾಲ ಜೀವಂತವಾಗಿಡಲೆಂದು ನೇತ್ರಭಂಡಾರದ ಲ್ಯಾಬಿನಲ್ಲಿ ಅವಳೇ ವರ್ಷಗಟ್ಟಲೆ ದುಡಿದು ತಯಾರಿಸಿದ ಪೋಷಕ ದ್ರಾವಣವದು. ಅದನ್ನು ರೋಗಿಗಳಿಗೆ ಬಳಸಲು ಅನುಮತಿ ಸಿಕ್ಕ ಮೇಲೆ, ಮೊದಲ ರೋಗಿ ತಾನೇ ಆಗುತ್ತೇನೆಂದು ಅಪ್ಪ ಹಟ ಹಿಡಿದಿದ್ದರು.

ಗುಲಾಬಿ ಬಣ್ಣದಲ್ಲಿರಬೇಕಿದ್ದ ದ್ರಾವಣ ಹಳದಿಗೆ ತಿರುಗಿತ್ತು.

"ಹಳದಿ ಆದ್ರೆ ಏನೀಗ?" ಎಂದಳು ಅವಳು. "ಕಾರ್ನಿಯಾ ಸಕ್ಕರೆ ತಿಂದು ಆಮ್ಲ ಬಿಡ್ತಿದೆ, ಅದಕ್ಕೇ ಬಣ್ಣ ತಿರುಗಿದೆ. ಜೀವ ಇದೆ ಅಂತ ತಾನೇ ಅರ್ಥ?"

"ತಿಂತಿದೆ ನಿಜ. ಆದ್ರೆ ತುಂಬಾ ಬೇಗ ತಿಂತಿದೆ. ಅದರ ಆಮ್ಲಾನೇ ಅದನ್ನ ಸುಡ್ತಿರಬಹುದು."

"ಇರಬಹುದು ಅಂತೀರಿ. ಖಾತ್ರಿ ಇಲ್ಲ ಅಲ್ವಾ?"

"ಇಲ್ಲ. ಖಾತ್ರಿ ಇಲ್ಲದ್ದನ್ನ ಒಂದೇ ಕಣ್ಣಿರೋರಿಗೆ ಹಾಕೋಕೆ ನನ್ನ ಕೈ ಬರಲ್ಲ."

ಮೊನ್ನೆ ಮೊನ್ನೆ ಬಂದವನು... ನನ್ನ ಶ್ರಮಕ್ಕೆಲ್ಲ ಕಲ್ಲು ಹಾಕ್ತಾನಲ್ಲ! ಅವನನ್ನು ಬಾಯಿಬಿಟ್ಟೇ ಬೈದುಕೊಳ್ಳುತ್ತ ಕಾರಿಡಾರ್ ದಾಟಿ ಲ್ಯಾಬಿಗೆ ನಡೆದಳು.

ಕಾರ್ನಿಯಾಗಳನ್ನಿಡುವ ಬೆಚ್ಚಗಿನ ಪೆಟ್ಟಿಗೆಯ ಬಾಗಿಲು ತೆರೆದಳು. ಅವಳ ದ್ರಾವಣವಿದ್ದ ಉಳಿದ ಬಾಟಲಿಗಳಲ್ಲೂ ಹಳದಿ ಹರಡುತ್ತಿತ್ತು. ಪ್ರಯೋಗಗಳಲ್ಲಿ ಹೀಗೆ ಆಗಿರಲೇ ಇಲ್ಲ...

ಹಿಂದೆ ಹೆಜ್ಜೆ ಸಪ್ಪಳ. ಸರ್ಜನ್ ಬಂದು ಆ ಬಾಟಲಿಯನ್ನು ಮೇಜಿನ ಮೇಲಿಟ್ಟ.

"ನಂದು ತಪ್ಪಾಗಿದ್ರೆ ನಿಮ್ಮ ಹತ್ರ ಕ್ಷಮೆ ಕೇಳ್ತೀನಿ. ಒಂದ್ಸಲ ನೋಡೋಣ, ಇಬ್ಬರೂ ಸೇರಿ."

ಅವಳು ಕಾರ್ನಿಯಾ ಮೇಲೆ ನೀಲಿ ಬಣ್ಣದ ಹನಿ ಹಾಕಿದಳು. ಸತ್ತ ಕೋಶಗಳಿಗೆ ಮಾತ್ರ ಅಂಟುವ ಬಣ್ಣ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟಳು.

ಅಂಚಿನಿಂದ ಅಂಚಿನವರೆಗೂ ನೀಲಿ.

ಇದೇ ಅಪ್ಪನ ಕಣ್ಣು ಸೇರಿಬಿಡ್ತಿತ್ತು... ನನ್ನ ಕೈಯಾರೆ... ಅವಳು ಸೂಕ್ಷ್ಮದರ್ಶಕದಿಂದ ಹಿಂದೆ ಸರಿದಳು. ಅವನು ಗೆದ್ದವನಂತೆ ನಿಲ್ಲಲಿಲ್ಲ. ಸ್ಟೂಲ್ ಎಳೆದು ಅವಳನ್ನು ಕೂರಿಸಿದ.

"ಅದೇ ದಾನಿಯ ಇನ್ನೊಂದು ಕಣ್ಣಿನದು ಮೊದಲಿಂದ ಬಳಸ್ತಿರೋ ಹಳೇ ದ್ರಾವಣದಲ್ಲಿದೆ ಅಲ್ವಾ?"

ಅದರ ಬಣ್ಣ ಬದಲಾಗಿರಲಿಲ್ಲ. ಪರೀಕ್ಷಿಸಿದಾಗ ಕೋಶಗಳೂ ಚೆನ್ನಾಗಿದ್ದವು.

ಅದನ್ನೇ ಅವನು ಅಪ್ಪನಿಗೆ ಹಾಕಿದ. ಆದರೂ ಕಟ್ಟು ಬಿಚ್ಚಿದಾಗ ಅಪ್ಪ ಏನೂ ಕಾಣುತ್ತಿಲ್ಲವೆಂದು ತಲೆಯಾಡಿಸಿದರು. ಮಂಜು ಹಾಗೇ ಇತ್ತು. ಮರುದಿನವೂ ಅಷ್ಟೇ. ಅವಳಿಗೆ ಅನ್ನ ಸೇರಲಿಲ್ಲ. ಅವನ ಮುಖವೂ ಕಳೆಗುಂದಿತ್ತು. ಆದರೂ ಪ್ರತಿದಿನ ಬಂದು ಅವಳ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಿದ್ದ. ಆ ಮೌನ ಅವಳಿಗೆ ಯಾವಾಗ ಆಸರೆಯಾಯಿತೋ ಅವಳಿಗೇ ತಿಳಿಯಲಿಲ್ಲ.

ವಾರ ಕಳೆದ ಒಂದು ಬೆಳಿಗ್ಗೆ ಅಪ್ಪ ಅವಳನ್ನೇ ದಿಟ್ಟಿಸಿದರು.

"ಪುಟ್ಟೀ, ನಿನ್ನ ಕಣ್ಣು ಯಾಕೆ ಇಷ್ಟು ಕೆಂಪಗಿದೆ?"

ಅವಳು ಹೊರಗೋಡಿ ಬಂದು ಗೋಡೆಗೊರಗಿ ಅತ್ತಳು. ಅವನು ಅಲ್ಲೇ ನಿಂತಿದ್ದ.

"ನಿಮ್ಮನ್ನ ಎಷ್ಟು ಬೈಕೊಂಡಿದ್ದೀನಿ ಗೊತ್ತಾ?"

"ಗೊತ್ತು. ಕಾರಿಡಾರ್ ತುಂಬಾ ಕೇಳಿಸ್ತಿತ್ತು."

ಅಳುವಿನಲ್ಲೇ ನಕ್ಕಳು. "ಮುಂದೆಯೂ ನಾನು ತಪ್ಪು ಮಾಡಿದ್ರೆ?"

"ಅಡ್ಡ ನಿಲ್ತೀನಿ. ಉಳಿದ ದಿನಗಳಲ್ಲಿ... ಪಕ್ಕದಲ್ಲಿರ್ಲಾ?"

"ಅಪ್ಪನ್ನ ಕೇಳ್ಬೇಕು."

"ಅವರನ್ನ ನಿನ್ನೆ ದಿನಾನೇ ಕೇಳ್ದೆ. ಕಣ್ಣು ಬಂದ್ಮೇಲೆ ನಿನ್ನ ಮುಖ ನೋಡಿ ಹೇಳ್ತೀನಿ ಅಂದ್ರು."

"ನನ್ನ ಉತ್ತರಕ್ಕೆ ಅಷ್ಟೆಲ್ಲ ಕಾಯೋದು ಬೇಡ," ಎಂದು ಅವಳು ಅವನ ಕೈ ಹಿಡಿದಳು.