ಎರಡು ಜೊತೆ ಕಡ್ಡಿ

ನಮ್ಮ ಹೋಟೆಲಿನಲ್ಲಿ ಅದುವರೆಗೆ ಯಾರೂ ಉಪ್ಪು ಕೇಳಿರಲಿಲ್ಲ. ನಾವೊಕಿ ಕೇಳಿದ.

ಕೆನಡಾದ ಬರ್ನಬಿಯ ನಾರ್ತ್ ರೋಡಿನಲ್ಲಿ ಕೊರಿಯಾದವರ ಹೋಟೆಲುಗಳಿಗೆ ಬರವೇನೂ ಇಲ್ಲ. ಆದರೆ ಒಂದು ಒಲೆಯಲ್ಲಿ ಹುದುಗಿಸಿದ ಎಲೆಕೋಸಿನಿಂದ ಅಮ್ಮ ಮಾಡುವ ಕಿಮ್ಚಿ ಸಾರು, ಪಕ್ಕದ ಬಾಣಲೆಯಲ್ಲಿ ಜಪಾನಿನ ಕಾತ್ಸು, ಎರಡಕ್ಕೂ ಸೈ ಅನ್ನಿಸಿಕೊಂಡವರು ನಾವು ಮಾತ್ರ. ಹಂದಿಮಾಂಸದ ದಪ್ಪ ತುಂಡನ್ನು ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ, ಹೊರಗೆ ಗರಿಗರಿ, ಒಳಗೆ ರಸ ಉಳಿಯುವಂತೆ ಕರಿಯುವ ವಿದ್ಯೆಯನ್ನು ಅಪ್ಪ ಜಪಾನಿಯೊಬ್ಬರ ಅಡುಗೆಮನೆಯಲ್ಲಿ ಹನ್ನೊಂದು ವರ್ಷ ಬೆವರು ಸುರಿಸಿ ಕಲಿತಿದ್ದರು. ಅವರಿಗೆ ಬೆನ್ನು ಕೈಕೊಟ್ಟ ಮೇಲೆ ಬಾಣಲೆ ನನ್ನ ಪಾಲಿಗೆ ಬಂತು. ನನ್ನ ಹೆಸರು ಬೊರಾಮ್. ಜಂಬದವಳು ಎಂದು ನಮ್ಮ ಚರ್ಚಿನಲ್ಲೆಲ್ಲ ಹೆಸರಾಗಿದ್ದೇನೆ. ಅದರ ಬಗ್ಗೆಯೂ ನನಗೆ ಸ್ವಲ್ಪ ಜಂಬವೇ.

ಹೀಗಿರುವಾಗ, ಲಿಫ್ಟ್ ರಿಪೇರಿಯವರ ನೀಲಿ ಅಂಗಿ ತೊಟ್ಟ ಜಪಾನೀ ಹುಡುಗನೊಬ್ಬ ಕೌಂಟರಿನ ಕೊನೆಯ ಸ್ಟೂಲಿನಲ್ಲಿ ಕೂತು, ನನ್ನ ಕಾತ್ಸುವಿನ ಒಂದು ತುಂಡನ್ನೂ ಬಾಯಿಗಿಡದೆ ಉಪ್ಪು ಕೇಳಿದರೆ ನನಗೆ ಹೇಗಾಗಬೇಡ? ಸಾಸ್ ಇದೆಯಲ್ಲ ಎಂದೆ. ಇದೆ, ಆದರೂ ಉಪ್ಪೇ ಬೇಕು ಎಂದ. ಉಪ್ಪಿನ ಬಟ್ಟಲನ್ನು ತಂದು ಅವನ ಮುಂದೆ ಕುಕ್ಕಿದೆ. ಅವನು ನಾಲ್ಕು ಹರಳು ಉದುರಿಸಿಕೊಂಡು ಬಾಯಿಗಿಟ್ಟ, ಕಣ್ಣು ಮುಚ್ಚಿ ನಿಧಾನವಾಗಿ ಅಗಿದ.

"ಸುಮಾರಾಗಿ ಕರಿದಿದ್ರೆ ಸಾಸ್ ಬೇಕು," ಎಂದ. "ಇದಕ್ಕೆ ಬೇಡ."

ಅದು ಹೊಗಳಿಕೆ ಎಂದು ತಲೆಗೆ ಹೋಗಲು ನನಗೆ ಒಂದು ಗಳಿಗೆ ಹಿಡಿಯಿತು. "ನಿಮ್ಮ ಸರ್ಟಿಫಿಕೇಟ್ ಯಾರು ಕೇಳಿದ್ರು?" ಎಂದು ಮುಖ ತಿರುಗಿಸಿ ಒಳಗೆ ಹೋದೆ. ಫ್ರಿಜ್ಜಿನ ಬಾಗಿಲ ಮರೆಯಲ್ಲಿ ನಿಂತು ಮನಸಾರೆ ನಕ್ಕೆ.

ಅಲ್ಲಿಂದ ಪ್ರತಿ ಗುರುವಾರ, ಮಧ್ಯಾಹ್ನದ ಗಲಾಟೆ ಇಳಿದ ಮೇಲೆ ಅವನು ಬರತೊಡಗಿದ. ಅವನು ಅನ್ನದ ಬಟ್ಟಲನ್ನು ಎತ್ತಿ ಬಾಯಿಯ ಹತ್ತಿರ ಹಿಡಿದು ತಿಂದರೆ, ನಮ್ಮಲ್ಲಿ ಹಾಗೆ ತಿನ್ನುವವರು ಭಿಕ್ಷುಕರು ಎಂದು ನಾನು ಕೆಣಕುತ್ತಿದ್ದೆ. ತಮ್ಮಲ್ಲಿ ಬಟ್ಟಲು ಕೆಳಗಿಟ್ಟು ಬಗ್ಗಿ ತಿನ್ನುವುದು ನಾಯಿ ಮಾತ್ರ ಎಂದು ಅವನು ಅಷ್ಟೇ ವಿನಯದಿಂದ ತಿರುಗಿಸಿ ಕೊಡುತ್ತಿದ್ದ. ಅಮ್ಮ ಸಾರು ಕದಡುತ್ತಾ ನಗುತ್ತಿದ್ದಳು. ಊಟದ ಜೊತೆ ಎಲ್ಲರಿಗೂ ಐದು ಪುಟ್ಟ ಬಟ್ಟಲುಗಳಲ್ಲಿ ಪಲ್ಯ, ಕಿಮ್ಚಿ ಇಡುತ್ತೇವೆ. ಅವನಿಗೆ ಆರು ಹೋಗುತ್ತಿತ್ತು. ಆರನೆಯದು ಯಾಕೆಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅವನ ಉಗುರಿನ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಗ್ರೀಸಿನ ಗೆರೆ ಇರುತ್ತಿತ್ತು. ನಾನು ಹತ್ತಿರ ಬಂದಾಗಲೆಲ್ಲ ಬೆರಳು ಮಡಚಿ ಅದನ್ನು ಮುಚ್ಚುತ್ತಿದ್ದ. ಕಾಣಿಸಲಿಲ್ಲವೆಂಬಂತೆ ನಾನು ನಟಿಸುತ್ತಿದ್ದೆ. ಕಾತ್ಸು ಕತ್ತರಿಸುವಾಗ ಅವನು ನನ್ನ ಕೈಯನ್ನಲ್ಲ, ನನ್ನ ಮುಖವನ್ನು ನೋಡುತ್ತಿದ್ದ. ತಲೆ ಎತ್ತಿದರೆ ಥಟ್ಟನೆ ಗೋಡೆಯ ಮೇಲಿನ ಮೆನು ಓದತೊಡಗುತ್ತಿದ್ದ. ನಮ್ಮ ಮೆನುವನ್ನು ಅವನಷ್ಟು ಸಲ ಓದಿದವರು ಬರ್ನಬಿಯಲ್ಲಿ ಇನ್ನೊಬ್ಬರಿರಲಾರರು.

ನಮ್ಮ ಕೊರಿಯಾದ ಸುಗ್ಗಿ ಹಬ್ಬದ ವಾರ ಅಮ್ಮ ಮನೆಯವರಿಗೆಂದು ಎಲುಬಿನ ಮಾಂಸವನ್ನು ಸೋಯಾ ಸಾಸಿನಲ್ಲಿ ಬೇಯಿಸಿದ್ದಳು. ಆ ಗುರುವಾರ ನಾನು ಮೊದಲ ಬಾರಿ ಕೌಂಟರು ದಾಟಿ ಬಂದು, ನನ್ನ ತಟ್ಟೆಯನ್ನು ಅವನ ಪಕ್ಕದಲ್ಲಿಟ್ಟು ಕೂತೆ. ಕಿಟಕಿಯ ಟೇಬಲ್ಲಿನಲ್ಲಿ ನಮ್ಮ ಚರ್ಚಿನ ನಾಮ್ ಆಂಟಿ ಇಬ್ಬರು ಗೆಳತಿಯರೊಡನೆ ಉದೋನ್ ನೂಡಲ್ಸ್ ತಿನ್ನುತ್ತಿದ್ದರು. ನೋಡಲಿ ಎಂದುಕೊಂಡೆ. ಅತ್ಯಂತ ಮೆತ್ತಗೆ ಬೆಂದ ತುಂಡನ್ನು ಆರಿಸಿ, ನನ್ನ ಊಟದ ಕಡ್ಡಿಗಳಲ್ಲಿ ಹಿಡಿದು ಅವನತ್ತ ಚಾಚಿದೆ. ನಮ್ಮಲ್ಲಿ ಕಂಡಕಂಡವರಿಗೆ ಹೀಗೆ ತುತ್ತು ಎತ್ತಿ ಕೊಡುವುದಿಲ್ಲ. ಕೊಟ್ಟರೆ ಬಾಯಿಬಿಟ್ಟು ಹೇಳುವುದು ಏನೂ ಉಳಿಯುವುದಿಲ್ಲ.

ಅವನೂ ಕಡ್ಡಿ ಮುಂದೆ ಮಾಡಿದ. ಅವನ ಕಡ್ಡಿ ಆ ತುಂಡಿಗೆ ತಾಗಿತು. ತಾಗಿದ್ದೇ ತಡ, ಕೆಂಡ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ. ಮಾಂಸ ಕೌಂಟರಿನ ಮೇಲೆ ಬಿತ್ತು. ಅವನ ಮುಖ ಬಿಳುಚಿಕೊಂಡಿತ್ತು. "ಹಾಗೆ ಮಾಡಬೇಡಿ," ಎಂದಷ್ಟೇ ಹೇಳಿದ. ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ಎಲ್ಲೋ ಲಿಫ್ಟಿನಲ್ಲಿ ಯಾರೋ ಸಿಕ್ಕಿಬಿದ್ದಿದ್ದರು. ತಲೆ ಬಾಗಿಸಿ ಕ್ಷಮೆ ಕೇಳಿ ಓಡಿಹೋದ.

ಕಿಟಕಿಯ ಟೇಬಲ್ಲಿನಲ್ಲಿ ಉದೋನ್ ಹೀರುವ ಸದ್ದು ನಿಂತುಹೋಗಿತ್ತು. ನಾನು ಬಟ್ಟೆ ತಂದು ಕೌಂಟರು ಒರೆಸಿದೆ. ಕಣ್ಣಲ್ಲಿ ನೀರು ತುಂಬಿತ್ತು, ಬೀಳಲು ಬಿಡಲಿಲ್ಲ.

ಮುಂದಿನ ಗುರುವಾರ ಅವನು ಬಂದಾಗ ಬಡಿಸಲು ಅಮ್ಮನನ್ನು ಕಳಿಸಿದೆ. ಪುಟ್ಟ ಬಟ್ಟಲುಗಳು ಆರರಿಂದ ಮೂರಕ್ಕೆ ಇಳಿದವು. ಅವನು ಏನೋ ಹೇಳಲು ಬಾಯಿ ತೆರೆದಾಗಲೆಲ್ಲ ನಾನು ಎಕ್ಸಾಸ್ಟ್ ಫ್ಯಾನು ಜೋರು ಮಾಡಿದೆ. ಅದರ ಮುಂದಿನ ಗುರುವಾರವೂ ಅಷ್ಟೇ. ಕೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ಬೇಡವೆಂದವನ ಬಳಿ ಹೋಗಿ ಯಾಕೆ ಬೇಡ ಎಂದು ಕೇಳುವ ಜಾತಿಯವಳಲ್ಲ ನಾನು.

ನಾಮ್ ಆಂಟಿಗೆ ಇಷ್ಟೇ ಸಾಕಾಯಿತು. ಅವರ ಅಣ್ಣನ ಮಗ ಹಲ್ಲಿನ ಡಾಕ್ಟರ್, ಮೂವತ್ತೆರಡು ವರ್ಷ, ತಾಯಿಯ ಮಾತು ಮೀರದವನು. ಭಾನುವಾರ ಚರ್ಚಿನ ಪ್ರಾರ್ಥನೆ ಮುಗಿಸಿ ನಮ್ಮ ಹೋಟೆಲಿಗೇ ಕರೆತರುತ್ತೇನೆ, ಇಬ್ಬರೂ ಒಮ್ಮೆ ನೋಡಿಕೊಳ್ಳಲಿ ಎಂದರು. ಹೂಂ ಎಂದೆ. ಸಿಟ್ಟಿನಲ್ಲಿ ಎಂದದ್ದು ಎಂದು ಅಮ್ಮನಿಗೆ ಗೊತ್ತಿತ್ತು. ನಾಮ್ ಆಂಟಿ ಅಷ್ಟು ಹೊತ್ತಿಗೆ ಅವನಿಗೆ ಮೆಸೇಜ್ ಕಳಿಸಿ ಆಗಿತ್ತು.

ಮೂರನೆಯ ಗುರುವಾರ ಅವರು ಅದೇ ಕಿಟಕಿಯ ಪಕ್ಕ ಕೂತು, ಭಾನುವಾರ ನಾನು ಯಾವ ಬಣ್ಣ ತೊಡಬೇಕೆಂದು ಇಡೀ ಹೋಟೆಲಿಗೆ ಕೇಳುವಂತೆ ಹೇಳುತ್ತಿದ್ದರು. ಡಾಕ್ಟರ ವಿಷಯವೂ ಮದುವೆಯ ವಿಷಯವೂ ಅದರಲ್ಲೇ ಬಂತು. ಕೊನೆಯ ಸ್ಟೂಲಿನಲ್ಲಿದ್ದ ನಾವೊಕಿ ಕಡ್ಡಿ ಕೆಳಗಿಟ್ಟ. ಎದ್ದು, ಗಿರಾಕಿಗಳು ಯಾರೂ ಬರದ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ನಾನು ಫ್ಯಾನಿನ ಗುಂಡಿಗೆ ಕೈ ಹಾಕಿದೆ. ಅಮ್ಮ ನನ್ನ ಕೈಮೇಲೆ ಸೌಟಿನಿಂದ ಬಾರಿಸಿದಳು.

"ಅವತ್ತಿಂದು ಹೇಳಿಬಿಡ್ತೀನಿ," ಎಂದ ಅವನು. "ಆಮೇಲೆ ನೀವು ಯಾರನ್ನ ಬೇಕಾದ್ರೂ ನೋಡಿ. ಊಟದ ಹೊತ್ತಲ್ಲಿ ಆಡೋ ಮಾತಲ್ಲ ಅಂತ ತಡೆದಿದ್ದೆ. ನಮ್ಮಲ್ಲಿ ಎರಡು ಜೊತೆ ಕಡ್ಡಿ ಒಂದೇ ತುಂಡನ್ನ ಹಿಡಿಯೋದು ಒಂದೇ ಸಲ. ಸತ್ತವರನ್ನ ಸುಟ್ಟಾದ ಮೇಲೆ, ಮೂಳೆ ಆರಿಸೋವಾಗ."

ನಾನು ಕರಿಯುವ ಜಾಲರಿಯನ್ನು ಕೆಳಗಿಟ್ಟೆ.

"ಹೋದ ವರ್ಷ ಅಪ್ಪನ ಮೂಳೆ ಹಂಗೇ ಆರಿಸಿದ್ವಿ. ಅಕ್ಕ ಒಂದು ಕಡೆ, ನಾನು ಒಂದು ಕಡೆ. ಹಗುರ ಇರತ್ತೆ, ತುಂಬಾ ಹಗುರ. ನಿಮ್ಮ ಕಡ್ಡಿ ನನ್ನ ಕಡ್ಡಿ ಹತ್ರ ಬಂದಾಗ..." ಅವನು ನನ್ನ ಮುಖ ನೋಡಿದ. "ನೀವು ಇನ್ನೂ ನನಗೆ ಸಿಕ್ಕೇ ಇಲ್ಲ. ಆಗಲೇ ಕಳಕೊಂಡ ಹಾಗಾಗಿಬಿಡ್ತು."

ನಾನು ಪ್ರೀತಿ ಎಂದು ಚಾಚಿದ್ದು ಅವನಿಗೆ ಸಾವಾಗಿ ಕಂಡಿತ್ತು. ತಪ್ಪು ನನ್ನದಲ್ಲ, ಅವನದೂ ಅಲ್ಲ. ಆದರೆ ಅಪ್ಪನನ್ನು ಕಳೆದುಕೊಂಡ ಹುಡುಗನ ಮುಂದೆ ಎರಡು ವಾರ ಮೂರೇ ಬಟ್ಟಲು ಇಟ್ಟವಳು ನಾನು. ಕ್ಷಮಿಸಿ ಎನ್ನುವ ಮಾತು ನನ್ನ ನಾಲಿಗೆಗೆ ಎಂದೂ ಸಲೀಸಾಗಿ ಬಂದದ್ದಲ್ಲ. ಆಗಲೂ ಬರಲಿಲ್ಲ. ಒಲೆ ಆರಿಸಿದೆ, ಕೈ ಒರೆಸಿಕೊಂಡೆ, ಅವನನ್ನು ದಾಟಿ ನೇರ ಕಿಟಕಿಯ ಟೇಬಲ್ಲಿಗೆ ಹೋದೆ.

"ಆಂಟಿ, ಭಾನುವಾರ ನಿಮ್ಮ ಅಣ್ಣನ ಮಗ ಬರೋದು ಬೇಡ."

"ಯಾಕೇ, ಹುಷಾರಿಲ್ವಾ?"

"ಚೆನ್ನಾಗಿದೀನಿ. ನನ್ನ ಗಂಡು ಅಲ್ಲಿ ನಿಂತಿದಾನೆ."

ನಾಮ್ ಆಂಟಿ ಕುತ್ತಿಗೆ ಉದ್ದ ಮಾಡಿ ನೋಡಿದರು. "ನೀನು ಕೊಟ್ಟಿದ್ದನ್ನ ಬೀಳಿಸಿ ಹೋದನಲ್ಲ, ಅವನಾ?"

"ಅವನೇ."

ಹಿಂದಿನಿಂದ ನಾವೊಕಿ ಕೆಮ್ಮಿದ. ತಿರುಗಿದರೆ ತುಟಿಯ ಒಂದು ಮೂಲೆಯಲ್ಲಿ ನಗು. "ನನ್ನನ್ನ ಇನ್ನೂ ಯಾರೂ ಕೇಳಿಲ್ಲ," ಎಂದ ಆಂಟಿಗೆ.

"ಕೇಳೋದು ನನಗೆ ಬರಲ್ಲ. ಬೇಕಾದ್ರೆ ನೀವೇ ಕೇಳಿ," ಎಂದೆ.

ಅವನು ಹತ್ತಿರ ಬಂದ. ಈ ಸಲ ಬೆರಳು ಮಡಚಲಿಲ್ಲ. ಗ್ರೀಸಿನ ಗೆರೆಯಿದ್ದ ಆ ಕೈಯನ್ನು ಎಲ್ಲರೆದುರೂ ನನ್ನ ಮುಂದೆ ಚಾಚಿದ. "ಬೊರಾಮ್, ನನ್ನ ಜೊತೆ ಬಾಳ್ತೀರಾ?"

ಊಟಕ್ಕೆ ಕೂತಿದ್ದವರೆಲ್ಲ ಅಗಿಯುವುದನ್ನು ನಿಲ್ಲಿಸಿದ್ದರು. ನಾನು ಆ ಕೈ ಹಿಡಿದೆ.

"ಬಾಳ್ತೀನಿ. ನನಗಿಂತ ಮೊದಲು ಹೋಗಬಾರದು ಅಷ್ಟೇ."

"ಅದು ನನ್ನ ಕೈಲಿಲ್ವಲ್ಲ."

"ಹಾಗಾದ್ರೆ ಮೂಳೆ ಆರಿಸೋದನ್ನ ನನಗೂ ಹೇಳಿಕೊಡಿ. ಆ ದಿನ ಇನ್ನೊಂದು ಜೊತೆ ಕಡ್ಡಿ ಹಿಡಿಯೋಳು ನಾನೇ."

ನಾವೊಕಿ ಅಷ್ಟು ಜನರ ಮುಂದೆ, ಮುಖ ಮುಚ್ಚಿಕೊಳ್ಳದೆ ಅತ್ತ. ನಾಮ್ ಆಂಟಿ ಕೂಡ ಟಿಶ್ಯೂ ಹುಡುಕತೊಡಗಿದರು. ನಾನು ಮಾತ್ರ ತಲೆ ಎತ್ತಿಕೊಂಡು, ಇವನು ನನ್ನವನು ಎಂದು ಯಾರು ಬೇಕಾದರೂ ನೋಡಲಿ ಎಂಬಂತೆ, ಅವನ ಕೈ ಬಿಡದೆ ನಿಂತಿದ್ದೆ.