ಏಳು ಸಲ ತೊಳೆದ ಕಿವಿ

"ಅಲ್ಲಾಡ್ಬೇಡ ಅಂದ್ನಲ್ಲ! ಹತ್ತಿ ಹೋಗಿ ಕಣ್ಣಿಗೆ ಹೊಡಿಯತ್ತೆ!"

"ನಾನೆಲ್ಲಿ ಅಲ್ಲಾಡ್ದೆ? ನಿನ್ನ ಕೈನೇ ಕುಣೀತಿದೆ ಅಪ್ಪಾ!"

ಲಾಂಡ್ರಿಯ ಹಿಂದಿನ ಕೋಣೆಯಲ್ಲಿ, ಇಸ್ತ್ರಿಗೆ ಕಾದಿದ್ದ ಬಟ್ಟೆಯ ರಾಶಿಯ ಪಕ್ಕ, ಬುಗುರಿ ಎತ್ತರದ ಸ್ಟೂಲಿನ ಮೇಲೆ ಕುಳಿತಿದ್ದಳು. ಅವಳ ನಿಜವಾದ ಹೆಸರು ಶಾಲೆಯ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಕಾಲು ಒಂದು ಕಡೆ ನಿಲ್ಲದ ಹುಡುಗಿಯಾದ್ದರಿಂದ ಮನೆಯವರಿಗೂ ಬೀದಿಯವರಿಗೂ ಅವಳು ಬುಗುರಿಯೇ.

ಅಪ್ಪ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಉಪ್ಪುನೀರಿನಲ್ಲಿ ಅದ್ದಿದ ಹತ್ತಿಯಿಂದ ಅವಳ ಎಡಕಿವಿಯ ಹಾಲೆಯನ್ನು ಉಜ್ಜುತ್ತಿದ್ದ. ಕಿವಿ ಚುಚ್ಚಿಸಿ ಇನ್ನೂ ನಾಲ್ಕೇ ದಿನ. ಅಕ್ಕಿಕಾಳಿನಷ್ಟು ಸಣ್ಣ ಬಿಳಿ ಹರಳಿನ ಓಲೆ. ಅದರ ಸುತ್ತ ಒಣಗಿ ಕೂತಿದ್ದ ಹಳದಿ ಹಕ್ಕಳೆಯನ್ನು ಅಪ್ಪ ಹಳೆಯ ವೈರಿಯನ್ನು ಕಂಡವನಂತೆ ದಿಟ್ಟಿಸಿದ. ಗಿರಾಕಿಗಳು ಅವನನ್ನು 'ಕಲೆ ಡಾಕ್ಟರ್' ಎಂದು ಕರೆಯುತ್ತಿದ್ದರು. ಎಣ್ಣೆ, ತುಕ್ಕು, ಗ್ರೀಸು, ಬಣ್ಣ, ಯಾವುದೂ ಅವನ ಮುಂದೆ ಮೂರು ದಿನಕ್ಕಿಂತ ಹೆಚ್ಚು ಬಾಳಿದ್ದಿಲ್ಲ.

"ಬಾ ಮಗನೇ, ಈಚೆ ಬಾ," ಎಂದು ಅವನು ಹಕ್ಕಳೆಯನ್ನು ಕರೆದ.

"ಅಯ್ಯಯ್ಯೋ! ಉರಿ, ಉರಿ, ಉರಿ!"

"ಉರೀತಿದೆ ಅಂದ್ರೆ ಕೊಳೆ ಬಿಡ್ತಿದೆ ಅಂತ. ಅಮ್ಮಂಗೆ ಹೇಳ್ಬೇಡ, ಆಯ್ತಾ? ಅವಳು ಬರೀ ಮೇಲ್ಮೇಲೆ ತೊಳೀತಾಳೆ. ಇದು ನಮ್ಮಿಬ್ಬರ ಗುಟ್ಟು."

ಬುಗುರಿ ಹೂಂಗುಟ್ಟಿದಳು. ಇಂಥ ಗುಟ್ಟು ಅವಳ ಬಳಿ ಆಗಲೇ ಇನ್ನೊಂದಿತ್ತು. ಅದು ಅಜ್ಜಿಯದು.

ಆ ಓಲೆ ಸುಲಭವಾಗಿ ಬಂದದ್ದಲ್ಲ. ಕ್ಲಿನಿಕ್ಕಿನ ಕುರ್ಚಿಯಿಂದ ಬುಗುರಿ ಎರಡು ಸಲ ಇಳಿದು ಓಡಿದ್ದಳು. ಮೂರನೆಯ ಸಲ ಅವಳ ಬೆಂಚಿನ ಗೆಳತಿ ಮರೆಗುಳಿಯೂ ಜೊತೆಗೆ ಚುಚ್ಚಿಸಿಕೊಂಡಳು. ಇಬ್ಬರೂ ಕೈಕೈ ಹಿಡಿದು ಕೂಗಿದ ಕೂಗಿಗೆ, ಚುಚ್ಚಿದ ಸಿಸ್ಟರ್ ತಮ್ಮದೇ ಕಿವಿ ಮುಚ್ಚಿಕೊಂಡರು. "ದಿನಕ್ಕೆ ಎರಡೇ ಸಲ ಉಪ್ಪುನೀರು. ಉಜ್ಜೋದು, ತಿರುಗಿಸೋದು ಬೇಡ. ಆರು ವಾರ," ಎಂದು ಅವರು ಹೇಳಿದ್ದು, ಜಯದ ಆ ಗದ್ದಲದಲ್ಲಿ ಅಮ್ಮಂದಿರನ್ನು ಬಿಟ್ಟು ಬೇರೆ ಯಾರ ಕಿವಿಗೂ ಸರಿಯಾಗಿ ಬಿದ್ದಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಬುಗುರಿ ಕನ್ನಡಿ ನೋಡಿದಳು. ಕಿವಿಗಳ ಹಾಲೆ ಎರಡೂ ಕೆಂಪು. ಎಡಗಡೆಯದು ಬರೀ ಕೆಂಪಲ್ಲ, ಉಬ್ಬಿ ಹೊಳೆಯುತ್ತಿದ್ದ ಟೊಮೇಟೊ. ಓಲೆ ಅದರೊಳಗೆ ಮುಳುಗಲು ಹೊರಟಿತ್ತು.

ಶಾಲೆಗೆ ಹೋದವಳೇ ಮರೆಗುಳಿಯ ಕೂದಲನ್ನು ಎತ್ತಿ ಅವಳ ಕಿವಿ ನೋಡಿದಳು.

"ಏಯ್, ಕಚಗುಳಿ ಆಗತ್ತೆ!"

ಮರೆಗುಳಿಯ ಕಿವಿ ಹೇಗಿತ್ತೆಂದರೆ, ಓಲೆಯೊಂದಿಗೇ ಹುಟ್ಟಿದಂತಿತ್ತು. ಕೆಂಪಿಲ್ಲ, ಊತವಿಲ್ಲ. ಬುಗುರಿಗೆ ರೇಗಿಹೋಯಿತು. ಈ ಹುಡುಗಿ ಟಿಫನ್ ಬಾಕ್ಸ್ ಮರೆಯುತ್ತಾಳೆ, ಹೋಂವರ್ಕ್ ಮರೆಯುತ್ತಾಳೆ, ಒಮ್ಮೆ ಬ್ಯಾಗನ್ನೇ ಶಾಲೆಯಲ್ಲಿ ಬಿಟ್ಟು ನೀರಿನ ಬಾಟಲಿಯೊಂದಿಗೆ ಮನೆಗೆ ಹೋದವಳು.

"ನೀನು ದಿನಕ್ಕೆ ಎಷ್ಟು ಸಲ ತೊಳೀತೀಯೇ?"

"ನಾನಾ? ಬೆಳಿಗ್ಗೆ, ಸಂಜೆ ಅಮ್ಮ ಏನೋ ಹಾಕ್ತಾಳೆ. ಆಮೇಲೆ ನಂಗೆ ಕಿವಿ ಇದೆ ಅನ್ನೋದೇ ಮರ್ತೋಗತ್ತೆ."

"ಇದು ಅನ್ಯಾಯ!" ಎಂದು ಬುಗುರಿ ಬೆಂಚು ಗುದ್ದಿದಳು. ಗುದ್ದಿದ ಮೇಲೆ ಬಾತ್‌ರೂಮಿಗೆ ಓಡಿ, ಬ್ಯಾಗಿನಲ್ಲಿ ಬಚ್ಚಿಟ್ಟಿದ್ದ ಸಣ್ಣ ಬಾಟಲಿಯ ಉಪ್ಪುನೀರಿನಿಂದ ಮತ್ತೊಮ್ಮೆ ಕಿವಿ ತೊಳೆದಳು. ಅದು ಮೂರನೆಯ ಗುಟ್ಟು. ಅವಳದೇ.

ಮರುದಿನ ಇಡೀ ಮನೆ ಲಾಂಡ್ರಿಗೆ ಬೀಗ ಹಾಕಿ ಕ್ಲಿನಿಕ್ಕಿಗೆ ಹೊರಟಿತು. ಸಿಸ್ಟರ್ ದೀಪವನ್ನು ಕಿವಿಯ ಹತ್ತಿರ ತಂದು ನೋಡಿದರು. ಹುಬ್ಬು ಮೇಲೆ ಹೋಯಿತು. ಅಲ್ಲೇ ನಿಂತಿತು.

"ಕೀವಾಗಿಲ್ಲ, ಪುಣ್ಯ. ಆದ್ರೆ ಚರ್ಮ ಸೋತುಹೋಗಿದೆ. ದಿನಕ್ಕೆ ಎಷ್ಟು ಸಲ ತೊಳೀತಿದೀರಿ?"

"ಎರಡೇ ಸಲ ಸಿಸ್ಟರ್," ಎಂದಳು ಅಮ್ಮ, ತಲೆ ಎತ್ತಿ. "ನೀವು ಹೇಳಿದ ಹಾಗೇ. ಬೆಳಿಗ್ಗೆ ಒಂದು, ಸಂಜೆ ಒಂದು."

ಅಪ್ಪ ಕೆಮ್ಮಿದ. "ಅಂದ್ರೆ... ಮಧ್ಯದಲ್ಲಿ ನಾನೂ ಒಂದೆರಡು ಸಲ..."

"ಏನ್ರೀ?"

"ಬರೀ ಕಾಲರ್ ಉಜ್ಜೋ ಹಾಗೆ ಕಣೇ. ಮೆತ್ತಗೆ!"

ಅಜ್ಜಿ ಕಿಟಕಿಯ ಕಡೆ ತಿರುಗಿದಳು. ಅಮ್ಮ ಅವಳ ಕಡೆ ತಿರುಗಿದಳು.

"ಅತ್ತೆ? ನೀವೂನಾ?"

"ನಾನು ಜಾಸ್ತಿ ಏನೂ ಇಲ್ಲಮ್ಮ. ಊಟ ಆದ್ಮೇಲೆ ಒಂದ್ಸಲ. ಓಲೆ ಅಂಟ್ಕೊಳ್ಳತ್ತೆ ಅಂತ ಹಾಗೇ ಸ್ವಲ್ಪ ತಿರುಗಿಸಿ, ನೀರಿಗೆ ಇನ್ನೊಂದು ಚಮಚ ಉಪ್ಪು ಹಾಕಿ..."

ಕೋಣೆಯಲ್ಲಿ ಉಳಿದ ಒಂದೇ ಒಂದು ಮುಖ ಬುಗುರಿಯದು. ಎಲ್ಲರೂ ಅದನ್ನೇ ನೋಡಿದರು.

"ಶಾಲೇಲಿ ಎರಡು ಸಲ," ಎಂದಳು ಅವಳು, ಇರುವೆಗೆ ಮಾತ್ರ ಕೇಳುವಂತೆ.

ಸಿಸ್ಟರ್ ಬೆರಳು ಮಡಿಚಿ ಎಣಿಸಿದರು. ಒಂದು ಕೈ ಸಾಲದೆ ಇನ್ನೊಂದನ್ನು ತೆಗೆದರು. "ಏಳು! ಏಳು ಸಲ! ಇದು ಕಿವೀನೋ, ಹೋಟೆಲಿನ ಟೇಬಲ್ ಬಟ್ಟೇನೋ?"

ಮೊದಲು ನಕ್ಕವಳು ಅಜ್ಜಿ. ಆಮೇಲೆ ಅಮ್ಮ, ಆಮೇಲೆ ಅಪ್ಪ. ಬುಗುರಿಗೆ ನಗು ಬಂದರೂ ನಕ್ಕರೆ ಕಿವಿ ಎಳೆದು ಉರಿಯುತ್ತಿತ್ತು. ಹಾಗಾಗಿ ಅವಳು 'ಹ್ಹಿ, ಅಯ್ಯೋ, ಹ್ಹಿ, ಅಯ್ಯೋ' ಎಂದಳು.

ಸಿಸ್ಟರ್ ಮಾತ್ರ ನಗಲಿಲ್ಲ. "ಮುಂದಿನ ಶನಿವಾರದವರೆಗೆ ನೋಡೋಣ. ಊತ ಇಳೀದಿದ್ರೆ ಓಲೆ ತೆಗೀಲೇಬೇಕು. ತೂತು ಮುಚ್ಚಿಹೋಗತ್ತೆ. ಕೆಲವು ತಿಂಗಳು ಬಿಟ್ಟು ಮತ್ತೆ ಚುಚ್ಚೋದು."

ಮತ್ತೆ ಚುಚ್ಚುವುದು! ಬುಗುರಿ ಅಮ್ಮನ ಸೆರಗಿನ ಹಿಂದೆ ಸರಿದಳು. ಆ ಕುರ್ಚಿಯಲ್ಲಿ ಇನ್ನೊಮ್ಮೆ ಕೂರುವ ಧೈರ್ಯ ತನ್ನಲ್ಲಿ ಒಂದು ಚಿಟಿಕೆಯೂ ಉಳಿದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಅದಕ್ಕೆ ನಾವೇನು ಮಾಡ್ಬೇಕು ಸಿಸ್ಟರ್?" ಎಂದು ಅಪ್ಪ ಅಂಗಿಯ ತೋಳು ಮಡಿಸಿದ.

"ಅಮ್ಮ ಎರಡು ಸಲ ಉಪ್ಪುನೀರಿನ ಹತ್ತಿ ಒತ್ತಿ ತೆಗೀಲಿ, ಅಷ್ಟೆ. ನೀವು ಏನೂ ಮಾಡ್ಬಾರ್ದು."

ಅಪ್ಪ ಮಡಿಸಿದ ತೋಳನ್ನು ನಿಧಾನವಾಗಿ ಇಳಿಸಿದ.

ಏನೂ ಮಾಡದಿರುವ ಆ ವಾರ ಲಾಂಡ್ರಿಯ ಇತಿಹಾಸದಲ್ಲೇ ಅತ್ಯಂತ ಗಡಿಬಿಡಿಯ ವಾರವಾಯಿತು.

ಭಾನುವಾರ ಅಪ್ಪನ ಕೈ ಎರಡು ಸಲ ಹತ್ತಿಯ ಕಡೆ ಹೋಯಿತು. ಬುಗುರಿ ಒಂದು ಉಪಾಯ ಹೂಡಿದಳು. ಗಿರಾಕಿಗಳ ಬಟ್ಟೆಗೆ ಕಟ್ಟುವ ಗುರುತಿನ ಚೀಟಿಗಳಲ್ಲಿ ಎರಡನ್ನು ತೆಗೆದು, ದಪ್ಪ ಅಕ್ಷರದಲ್ಲಿ ಬರೆದು, ತನ್ನ ಎರಡು ಜಡೆಗಳಿಗೆ ಪಿನ್ನು ಹಾಕಿದಳು. 'ತೊಳೆದಾಗಿದೆ. ಮುಟ್ಟಬೇಡಿ.'

"ಇದೇನಮ್ಮ, ಮಗಳನ್ನೂ ಡೆಲಿವರಿ ಕೊಡ್ತೀರಾ?" ಎಂದು ಕೋಟು ಒಯ್ಯಲು ಬಂದ ಗಿರಾಕಿ ಕೇಳಿದರು.

"ಶನಿವಾರ ರೆಡಿ ಆಗ್ತೀನಿ ಅಂಕಲ್!" ಎಂದಳು ಬುಗುರಿ.

ಸೋಮವಾರ ಅಪ್ಪ, ಈಗಾಗಲೇ ಒಗೆದಿದ್ದ ಪರದೆಯನ್ನು ಮತ್ತೆ ಒಗೆದ. ಮಂಗಳವಾರ ಅಂಗಡಿಯ ಬೋರ್ಡನ್ನು ಏಣಿ ಹಾಕಿ ತಿಕ್ಕಿದ. ಬುಧವಾರ ಒಬ್ಬ ಗಿರಾಕಿಯ ಪುಟ್ಟ ಮಗು ಕಂಕುಳಲ್ಲಿ ಇಟ್ಟುಕೊಂಡಿದ್ದ ಬಟ್ಟೆಯ ಕರಡಿಯನ್ನು ಕೇಳದೆಯೇ ಕಸಿದು, ಬೆಳ್ಳಗೆ ಮಾಡಿಕೊಟ್ಟ. ಮಗು ಗುರುತು ಸಿಗದ ಕರಡಿಯನ್ನು ನೋಡಿ ಬೋರೆಂದು ಅತ್ತಿತು. ಅಜ್ಜಿ ತನ್ನ ಕೈಗಳಿಗೆ ಕೆಲಸ ಕೊಡಲು ಕರವಸ್ತ್ರಗಳನ್ನು ಮಡಿಚಿ, ಬಿಚ್ಚಿ, ಮತ್ತೆ ಮಡಿಚಿದಳು.

ಬುಗುರಿಯ ಕಷ್ಟ ಬೇರೆಯೇ. ಈಗ ಕಿವಿ ಉರಿಯುತ್ತಿರಲಿಲ್ಲ, ತುರಿಸುತ್ತಿತ್ತು. ಅವಳು ಕೈಗಳನ್ನು ತೊಡೆಯ ಕೆಳಗೆ ಹಾಕಿ ಕುಳಿತಳು.

"ಮರೆಯೋದು ಹೇಗೆ ಅಂತ ನಂಗೂ ಹೇಳ್ಕೊಡೇ," ಎಂದು ಮರೆಗುಳಿಯನ್ನು ಅಂಗಲಾಚಿದಳು.

ಮರೆಗುಳಿ ತುಂಬ ಹೊತ್ತು ಯೋಚಿಸಿದಳು. "ಏನೋ ಒಂದಿತ್ತು... ನೆನಪಾಗ್ತಿಲ್ಲ. ಬಾ, ಮೆಟ್ಟಿಲಿಂದ ಹಾರೋಣ."

ಅವರು ಶಾಲೆಯ ಮೆಟ್ಟಿಲಿನಿಂದ ಹಾರಿದರು. ಮೊದಲು ಎರಡು, ಆಮೇಲೆ ಮೂರು, ಆಮೇಲೆ ಪಿ.ಟಿ. ಮೇಷ್ಟ್ರು ಬೈಯುವಷ್ಟು. ಗುರುವಾರ ಸಂಜೆ ಮನೆಗೆ ಬಂದು ಕೈಕಾಲು ತೊಳೆಯುವಾಗ ಬುಗುರಿ ತಟ್ಟನೆ ನಿಂತಳು. ಮಧ್ಯಾಹ್ನದಿಂದ ಕಿವಿಯ ಯೋಚನೆಯೇ ಬಂದಿರಲಿಲ್ಲ! ಅವಳು ಅತ್ತ ನೋಡದೆ ಹಾರುತ್ತಿದ್ದಷ್ಟು ಹೊತ್ತೂ, ಕಿವಿ ಯಾರನ್ನೂ ಕೇಳದೆ ತನ್ನ ಪಾಡಿಗೆ ತನ್ನ ಕೆಲಸ ಮಾಡಿಕೊಳ್ಳುತ್ತಿತ್ತು. ಕನ್ನಡಿಯಲ್ಲಿ ಟೊಮೇಟೊ ಅರ್ಧ ಇಳಿದಿತ್ತು.

ಶನಿವಾರ ಅಪ್ಪ ಒಬ್ಬನೇ ಅವಳನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಅಮ್ಮನಿಗೆ ಒಂದು ಮದುವೆ ಮನೆಯ ಬಟ್ಟೆಗಳ ಇಸ್ತ್ರಿಯಿತ್ತು. ಬುಗುರಿ ಕುರ್ಚಿಯ ತುದಿಯಲ್ಲಿ ಕುಳಿತು, ಒಂದು ಕಾಲನ್ನು ನೆಲಕ್ಕೆ ಊರಿಕೊಂಡಳು. ಬೇಕಾದರೆ ಓಡಲು.

ಸಿಸ್ಟರ್ ದೀಪ ತಂದರು. ಎಡಕಿವಿ ನೋಡಿದರು. ಬಲಕಿವಿ ನೋಡಿದರು. ಮತ್ತೆ ಎಡಕಿವಿ. ಎಷ್ಟು ಹೊತ್ತು! ಬುಗುರಿ ನೆಲಕ್ಕೂರಿದ ಕಾಲಿನ ಹಿಮ್ಮಡಿಯನ್ನು ಮೆಲ್ಲಗೆ ಎತ್ತಿದಳು.

"ಓಲೆ ಇರ್ಲಿ," ಎಂದರು ಸಿಸ್ಟರ್. "ಇನ್ನು ನಾಲ್ಕು ವಾರ ಹೀಗೇ ನೋಡ್ಕೊಳ್ಳಿ."

ಬುಗುರಿ ಕುರ್ಚಿಯಿಂದ ಹಾರಿ, ಒಂದು ಸುತ್ತು ತಿರುಗಿ, ತೂಕದ ಯಂತ್ರಕ್ಕೆ ಡಿಕ್ಕಿ ಹೊಡೆದು, ಅದಕ್ಕೆ ಸಾರಿ ಹೇಳಿದಳು.

"ಪರವಾಗಿಲ್ವೇ, ಚೆನ್ನಾಗಿ ಇಳಿದಿದೆ. ಏನು ಮಾಡಿದ್ರಿ?"

"ನಾನು ಏನೂ ಮಾಡ್ಲಿಲ್ಲ ಸಿಸ್ಟರ್," ಎಂದ ಅಪ್ಪ. ಒಂದು ಬೀರುವನ್ನು ಹೆಗಲ ಮೇಲೆ ಹೊತ್ತು ಮೂರನೆಯ ಮಹಡಿಗೆ ಏರಿದವನ ದನಿಯಲ್ಲಿ ಹೇಳಿದ.

ಬುಗುರಿ ಕಿಸಕ್ಕನೆ ನಕ್ಕಳು. ನಗುತ್ತ ಅವನ ಕೈಯತ್ತ ನೋಡಿದಳು. ಪಕ್ಕದಲ್ಲಿ ಸುಮ್ಮನೆ ಇಳಿಬಿಟ್ಟಿದ್ದ ಆ ಕೈಯ ಹೆಬ್ಬೆರಳೂ ತೋರುಬೆರಳೂ, ಹತ್ತಿಯಿಲ್ಲದೆಯೇ, ಒಂದನ್ನೊಂದು ಉಜ್ಜಿಕೊಳ್ಳುತ್ತಿದ್ದವು. ಇಡೀ ವಾರ ಹೀಗೇ ಉಜ್ಜಿಕೊಂಡಿರಬೇಕು. ಅವಳ ನಗು ಮೆಲ್ಲಗಾಯಿತು.

ಬೀದಿಗೆ ಇಳಿದ ಮೇಲೆ ಅವಳು ತನ್ನ ಕೈಯನ್ನು ಆ ಕೈಯೊಳಗೆ ಇಟ್ಟಳು. ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಅಪ್ಪ ಅದನ್ನು ಬೆಳಕಿಗೆ ಎತ್ತಿ ಹಿಡಿದ.

"ಏನಿದು ಬೆರಳ ಮೇಲೆ? ಪೆನ್ನಿನ ಇಂಕಾ?"

"ಹೂಂ. ನಿನ್ನೆ ಲೀಕ್ ಆಯ್ತು."

ಅಪ್ಪನ ಕಣ್ಣು ಮಿಂಚಿತು. ಜೇಬಿನಿಂದ ಕರವಸ್ತ್ರ ತೆಗೆದು, ತುದಿಯನ್ನು ನೀರಿನ ಬಾಟಲಿಯಲ್ಲಿ ಅದ್ದಿ, ನಡೆಯುತ್ತಲೇ ಉಜ್ಜಲು ಶುರುಮಾಡಿದ. ಎರಡು ದಿನ ಸ್ನಾನ ಮಾಡಿದರೆ ಇಂಕು ತಾನಾಗಿಯೇ ಹೋಗುತ್ತದೆಂದು ಬುಗುರಿಗೆ ಗೊತ್ತಿತ್ತು.

"ಇಲ್ಲೂ ಒಂಚೂರಿದೆ ಅಪ್ಪಾ," ಎಂದು ಇನ್ನೊಂದು ಬೆರಳನ್ನೂ ಚಾಚಿದಳು.