‘ಎಳೆ’ ನಂಬಿದ ಮಾತು

ಕೂದಲಿಗಿಂತ ಸಣ್ಣದಾದ ಆ ಲೋಹದ ತಂತು ಸಿಂಚನಳ ಸೊಂಟದೊಳಗೆ ಇಳಿದು ಹದಿನೇಳು ನಿಮಿಷವಾಗಿತ್ತು. ಅದಕ್ಕೆ ‘ಎಳೆ’ ಎಂದು ಹೆಸರು. ಹೆಸರೂ ಅದೇ, ಕೆಲಸವೂ ಅದೇ. ಬೆನ್ನುಮೂಳೆಯ ಸಂದಿನಲ್ಲಿ ನುಸುಳಿ, ನರವನ್ನು ಒತ್ತುತ್ತಿರುವ ಸಿಸ್ಟ್ ಅನ್ನು, ಅಂದರೆ ನೀರು ತುಂಬಿದ ಪುಟ್ಟ ಚೀಲವನ್ನು, ಬಿಡಿಸಿ ಹೊರಗೆಳೆಯುತ್ತದೆ. ಚಾಕುವಿಲ್ಲ, ಹೊಲಿಗೆಯಿಲ್ಲ. 2057ರ ತುಮಕೂರಿನಲ್ಲೂ ಅದು ದೊಡ್ಡ ಸುದ್ದಿಯೇ.

ತೊಡಕು ಒಂದೇ. ಬಹುಕಾಲ ಒತ್ತಡದಲ್ಲಿದ್ದ ನರ ಅರೆಜೀವವಾಗಿರುತ್ತದೆ, ಅದರ ಸಂಕೇತ ಯಂತ್ರಕ್ಕೆ ಸರಿಯಾಗಿ ಸಿಗದು. ಹಾಗಾಗಿ ರೋಗಿ ಎಚ್ಚರವಾಗಿರಬೇಕು. ತಾನು ಹಿಡಿದದ್ದು ಚೀಲವನ್ನೋ ನರವನ್ನೋ ಎಂದು ತಿಳಿಯಲು ಎಳೆ ಹೆಜ್ಜೆಹೆಜ್ಜೆಗೂ ನೋವಿದೆಯಾ ಎಂದು ಕೇಳುತ್ತದೆ, ಉತ್ತರ ನಂಬಿ ಮುಂದೆ ಹೋಗುತ್ತದೆ; ಜಗ್ಗಿದಾಗ ನೋಯುವುದು ನರ, ಚೀಲವಲ್ಲ. ರೋಗಿಯ ಮಾತಿಗೆ ಕಿವಿಗೊಡುವ ಯಂತ್ರ ಎಂದು ಅದನ್ನು ರೂಪಿಸಿದ ಡಾಕ್ಟರ್ ಸುಧನ್ವ ಹೋದಲ್ಲೆಲ್ಲ ಜಂಬ ಕೊಚ್ಚಿಕೊಂಡಿದ್ದ.

ಸಿಂಚನ ಸಿಟಿ ಬಸ್ಸಿನ ಡ್ರೈವರ್. ಬಲಗಾಲು ಬ್ರೇಕಿನ ಮೇಲೆ ನಿಲ್ಲದಂತಾಗಿ ಮೂರು ತಿಂಗಳಿಂದ ಸ್ಟಿಯರಿಂಗ್ ಮುಟ್ಟಿರಲಿಲ್ಲ. ನರ ಉಳಿದರೆ ಕಾಲು ಉಳಿಯುತ್ತದೆ; ಹರಿದರೆ ಪಾದ ಜೋತುಬೀಳುತ್ತದೆ, ಮತ್ತೆಂದೂ ಬಸ್ಸಿಲ್ಲ. ಧೈರ್ಯಕ್ಕೆಂದು ಗಂಡ ಲಿಖಿತನನ್ನು ಅವಳ ತಲೆಯ ಬಳಿ ಕೂರಿಸಿದ್ದರು. ನರ್ಸ್ ಪ್ರಫುಲ್ಲಾ ಒಂದು ಕೈ ತನ್ನ ಸೊಂಟಕ್ಕೆ ಒತ್ತಿಕೊಂಡು ಪಕ್ಕದಲ್ಲಿ ನಿಂತಿದ್ದಳು.

“ನೋವಿದೆಯಾ?” ಎಳೆ ಕೇಳಿತು.

“ಪರವಾಗಿಲ್ಲ.”

ಪರದೆಯಲ್ಲಿ ಹಸಿರು ದೀಪ. ತಂತು ಇನ್ನಷ್ಟು ಜಗ್ಗಿತು. ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ, ಅದೇ ಹಸಿರು. ಇಷ್ಟಾದರೂ ಚೀಲ ಯಾಕೆ ಕಳಚಿಕೊಳ್ಳುತ್ತಿಲ್ಲ ಎಂದು ಸುಧನ್ವ ಪರದೆಯತ್ತ ಬಾಗಿದ. ಬಾಕಿಯಿದ್ದದ್ದು ಒಂದೇ ಜಗ್ಗು.

“ಸಾರ್, ನಿಲ್ಸಿ,” ಎಂದ ಲಿಖಿತ.

ಅವರೇ ಪರವಾಗಿಲ್ಲ ಅಂತಿದ್ದಾರಲ್ಲ, ನಡುವೆ ನಿಮ್ಮದೇನು ಎಂದು ಸುಧನ್ವ ಸಿಡುಕಿದ. ಲಿಖಿತ ಹೆಂಡತಿ ಹಿಡಿದಿದ್ದ ತನ್ನ ಕೈಯನ್ನು ಬಿಡಿಸಿಕೊಂಡು ತೋರಿಸಿದ. ಅವಳ ಉಗುರು ಇಳಿದು ಅಂಗೈಯಲ್ಲಿ ರಕ್ತ ಜಿನುಗುತ್ತಿತ್ತು.

“ಹದಿನೆಂಟು ವರ್ಷ ಸಂಸಾರ ಮಾಡಿದೀನಿ ಸಾರ್. ಇವ್ಳು ಪರವಾಗಿಲ್ಲ ಅಂದ್ರೆ ಜೀವ ಹೋಗ್ತಾ ಐತೆ ಅಂತ.”

ಸುಧನ್ವ ಗುಂಡಿ ಒತ್ತಿ ತಂತುವನ್ನು ತಡೆದ. ತಂತು ನಿಂತ ಮೇಲೆ ತಿಳಿಯಾದ ಚಿತ್ರವನ್ನು ಹಿಗ್ಗಿಸಿ ನೋಡಿದ. ಎಳೆ ಹಿಡಿದಿದ್ದು ಚೀಲದ ಅಂಚನ್ನಲ್ಲ, ಅದಕ್ಕೆ ಅಂಟಿಕೊಂಡಿದ್ದ ನರವನ್ನು. ಯಾಕಮ್ಮ ಹೇಳಲಿಲ್ಲ ಎಂದು ಕೇಳಿದ.

“ನೀವೆಲ್ಲ ಇಷ್ಟು ಕಷ್ಟಪಡ್ತಿದೀರ, ಸುಮ್ನೆ ಯಾಕೆ ತೊಂದ್ರೆ ಕೊಡೋದು ಅಂತ,” ಎಂದಳು ಸಿಂಚನ.

ಹಿಡಿತ ಸಡಿಲಿಸಿ, ಇನ್ನೊಂದು ಬದಿಯಿಂದ ಚೀಲ ಬಿಡಿಸಲು ಮತ್ತೆ ನಲವತ್ತು ನಿಮಿಷ ಹಿಡಿಯಿತು. ಕೊನೆಗೆ ಅವಳ ಬಲಗಾಲಿನ ಹೆಬ್ಬೆರಳು ಮೆಲ್ಲಗೆ ಮೇಲೆದ್ದಾಗ ಲಿಖಿತ ಅತ್ತೇಬಿಟ್ಟ.

ಆ ಸಂಜೆಯೇ ಸುಧನ್ವ ಯಂತ್ರದ ಪದಪಟ್ಟಿ ತೆರೆದ. ‘ಪರವಾಗಿಲ್ಲ’ದ ಎದುರಿಗಿದ್ದ ‘ಮುಂದುವರಿ’ಯನ್ನು ಅಳಿಸಿ ‘ನಿಲ್ಲು, ಇನ್ನೊಮ್ಮೆ ಕೇಳು’ ಎಂದು ಬರೆದ. ಈವರೆಗಿನ ಇನ್ನೂರು ಚಿಕಿತ್ಸೆಗಳಲ್ಲಿ ಈ ಮಾತು ಎಷ್ಟು ಸಲ ಬಂದಿತ್ತೋ ಎಂದು ಹಳೆಯ ದಾಖಲೆಗಳನ್ನು ಒಂದೊಂದಾಗಿ ತೆರೆಯತೊಡಗಿದ.

ತಲೆಯೆತ್ತಿದ. ಪ್ರಫುಲ್ಲಾ ಇನ್ನೂ ಒಂದು ಕೈಯಿಂದ ಸೊಂಟ ಒತ್ತಿಕೊಂಡೇ ಉಪಕರಣ ಜೋಡಿಸುತ್ತಿದ್ದಳು. ಎಂಟು ವರ್ಷದಿಂದ ಅವಳನ್ನು ಹಾಗೆಯೇ ನೋಡುತ್ತ ಬಂದಿದ್ದ.

“ಸೊಂಟ ನೋವಾ ಸಿಸ್ಟರ್?”

“ಪರವಾಗಿಲ್ಲ ಸರ್.”

ಸುಧನ್ವ ಎದ್ದು ತನ್ನ ಕುರ್ಚಿಯನ್ನು ಅವಳತ್ತ ಎಳೆದ. ಆಮೇಲೆ ಇನ್ನೊಮ್ಮೆ ಕೇಳಿದ.